ಎರಡು ಸಲ ಖಾಲಿಯಾದ ತೇರುಬೀದಿ
ಹಂಪಿ ಬಜಾರದಿಂದ ಕಡ್ಡಿರಾಂಪುರದವರೆಗೆ

ಹಂಪಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕಲ್ಲಿನ ರಥ ನೋಡಿದೆವು, ಕಮಲ ಮಹಲು ನೋಡಿದೆವು, ಉಗ್ರನರಸಿಂಹನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು ಎಂದು ಸಾಲಾಗಿ ಹೇಳುತ್ತಾರೆ. ಕಡ್ಡಿರಾಂಪುರ ನೋಡಿದಿರಾ ಅಂದರೆ, ‘ಅದ್ಯಾವುದು? ಅಲ್ಲೇನಿದೆ?’ ಎಂದು ನಮ್ಮ ಮುಖವನ್ನೇ ನೋಡುತ್ತಾರೆ. ಹೊಸಪೇಟೆಯಿಂದ ಅನಂತಶಯನಗುಡಿಯ ಮೇಲೆ ಹಂಪಿಗೆ ಹೋಗುವ ಬಸ್ಸು ಈ ಊರನ್ನು ದಾಟಿಯೇ ಹೋಗಬೇಕು. ಹಂಪಿ ಇನ್ನು ಮೂರು ನಾಲ್ಕು ಕಿಲೋಮೀಟರು ಇದೆ ಎನ್ನುವಾಗ ಸಿಗುವ ಊರು ಇದು. ಆದರೆ ಆ ಹೊತ್ತಿಗೆ ಎಲ್ಲರೂ ಮಕ್ಕಳನ್ನು ಎಬ್ಬಿಸಿ, ಚೀಲ ಹುಡುಕಿ, ಇಳಿಯುವ ಗಡಿಬಿಡಿಯಲ್ಲಿರುತ್ತಾರೆ. ಕಿಟಕಿಯಾಚೆ ನೋಡಲು ಪುರುಸೊತ್ತು ಯಾರಿಗೆ?

ಹಂಪಿಯಲ್ಲಿ ಇಳಿದ ಮೇಲೆ ಕಾಣುವುದು ವಿರೂಪಾಕ್ಷ ಗುಡಿಯ ಮುಂದಿನ ಉದ್ದನೆಯ ತೇರುಬೀದಿ. ಎರಡೂ ಕಡೆ ಕಲ್ಲಿನ ಸಾಲುಮಂಟಪ. ಅವುಗಳಲ್ಲಿ ಒಲೆ ಉರಿಯುವುದಿಲ್ಲ, ಮುಂದೆ ಬಟ್ಟೆ ಒಣಗುವುದಿಲ್ಲ. ಹಿಂದಿನ ಕಾಲದವರು ಬಿಟ್ಟುಹೋದದ್ದು ಎಂದುಕೊಂಡು ನಾವು ಮುಂದೆ ನಡೆಯುತ್ತೇವೆ. ನಿಜ ಹೇಳಬೇಕೆಂದರೆ, 2011ರ ತನಕ ಇಲ್ಲಿ ಸಂಸಾರಗಳಿದ್ದವು. ಇಲ್ಲಿಂದ ಎದ್ದವರ ಹೊಸ ಊರೇ ಆ ಬಸ್ಸು ದಾಟಿ ಬಂದ ಕಡ್ಡಿರಾಂಪುರ. ಒಂದೇ ಬೀದಿ ಎರಡು ಸಲ ಖಾಲಿಯಾದ ಕಥೆ ಇದು. ಕಲ್ಲಿನ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಇಲ್ಲಿ ಮನೆಗಳ ಕಥೆಯನ್ನು ನೋಡೋಣ.

ಪಂಪೆಯ ಮದುವೆಯ ಊರು

ಹಂಪಿ ಎಂಬ ಹೆಸರು ಬಂದದ್ದೇ ಒಬ್ಬ ಹೆಣ್ಣುಮಗಳಿಂದ. ಹಳೆಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು. ತುಂಗಭದ್ರೆಗೂ ಪಂಪೆ ಎಂಬ ಹಳೆಯ ಹೆಸರುಂಟು.

ಪಂಪೆ ಬ್ರಹ್ಮನ ಮಾನಸಪುತ್ರಿ. ಮದುವೆಯಾದರೆ ಶಿವನನ್ನೇ ಆಗುತ್ತೇನೆ ಎಂದು ಹಟ ಹಿಡಿದು ಇಲ್ಲಿ ತಪಸ್ಸಿಗೆ ಕುಳಿತಳು. ಶಿವನೋ ಹೇಮಕೂಟದ ಗುಡ್ಡದ ಮೇಲೆ ಕಣ್ಣು ಮುಚ್ಚಿ ಕುಳಿತವನು, ಈಕೆಯ ಕಡೆ ತಿರುಗಿಯೂ ನೋಡಲಿಲ್ಲ. ದೇವತೆಗಳು ಮನ್ಮಥನನ್ನು ಕಳಿಸಿದರು. ಹೂಬಾಣ ತಾಗಿ ಕಣ್ಣು ಬಿಟ್ಟ ಶಿವ ಸಿಟ್ಟಿನಲ್ಲಿ ಅವನನ್ನೇ ಸುಟ್ಟ. ಪಂಪೆ ಮಾತ್ರ ಹಟ ಬಿಡಲಿಲ್ಲ. ಕೊನೆಗೆ ಶಿವನೇ ಸೋತು ಒಪ್ಪಿದ. ಆ ಸಂತೋಷಕ್ಕೆ ದೇವತೆಗಳು ಬಂಗಾರದ ಮಳೆ ಸುರಿಸಿದರಂತೆ. ಅದಕ್ಕೇ ಗುಡ್ಡಕ್ಕೆ ಹೇಮಕೂಟ ಎಂದು ಹೆಸರಾಯಿತು. ಪಂಪೆಯನ್ನು ವರಿಸಿದ ವಿರೂಪಾಕ್ಷ ಪಂಪಾಪತಿಯಾದ. ಹೆಂಡತಿಯ ಹೆಸರಿನಿಂದ ಗಂಡನನ್ನು ಕರೆಯುವುದು ನಮ್ಮಲ್ಲಿ ಅಪರೂಪ ತಾನೇ? ಬಳ್ಳಾರಿ ಸೀಮೆಯಲ್ಲಿ ಇಂದಿಗೂ ಪಂಪಾಪತಿ, ಪಂಪಣ್ಣ, ಪಂಪಮ್ಮ ಎಂಬ ಹೆಸರುಗಳು ಹೆಜ್ಜೆಗೊಂದು ಸಿಗುತ್ತವೆ.

ಈ ಮದುವೆ ವರ್ಷ ವರ್ಷವೂ ನಡೆಯುತ್ತದೆ. ಡಿಸೆಂಬರಿನ ಹೊತ್ತಿಗೆ ಫಲಪೂಜೆ, ಅಂದರೆ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ, ಹುಣ್ಣಿಮೆಗೆ ತೇರು. ತೇರು ಸಾಗುವುದು ನಾವು ಹೇಳುತ್ತಿರುವ ಈ ಬೀದಿಯಲ್ಲೇ.

ಬೀದಿಯ ಮೂಡಣ ತುದಿಯಲ್ಲಿ ಎದುರು ಬಸವಣ್ಣ ಕುಳಿತಿದ್ದಾನೆ. ಅವನ ಬೆನ್ನ ಹಿಂದೆ ಎದ್ದು ನಿಂತದ್ದು ಮತಂಗ ಪರ್ವತ. ವಾಲಿಯು ದುಂದುಭಿ ಎಂಬ ರಾಕ್ಷಸನನ್ನು ಕೊಂದು ಹೆಣವನ್ನು ಬೀಸಿ ಎಸೆದಾಗ ಅದರ ರಕ್ತ ಮತಂಗ ಮುನಿಯ ಆಶ್ರಮದಲ್ಲಿ ಬಿತ್ತಂತೆ. ‘ಇತ್ತ ಕಾಲಿಟ್ಟರೆ ನಿನಗೆ ಸಾವು’ ಎಂದು ಮುನಿ ಶಪಿಸಿದ. ಅಣ್ಣನಿಗೆ ಹೆದರಿ ಓಡಿಬಂದ ಸುಗ್ರೀವನಿಗೆ ಆ ಶಾಪವೇ ಕಾವಲಾಯಿತು. ಮನೆ ಕಳೆದುಕೊಂಡವನಿಗೆ ಆಸರೆ ಕೊಟ್ಟ ಗುಡ್ಡಗಳ ಸೀಮೆ ಇದು ಎಂದು ರಾಮಾಯಣದ ಕಾಲದಿಂದಲೂ ನಂಬಿಕೆ.

ಮುಹೂರ್ತ ತಪ್ಪಿದ ಶಂಖ

1336ರಲ್ಲಿ ವಿಜಯನಗರ ಹುಟ್ಟಿತು. ಅದಕ್ಕೂ ಮೊದಲೇ ಇಲ್ಲಿ ಗುಡಿಗಳಿದ್ದವು. ಹೇಮಕೂಟದ ಮೇಲಿನ ಮೂರು ಗರ್ಭಗುಡಿಯ ಒಂದು ಶಿವಾಲಯವನ್ನು ಕಟ್ಟಿಸಿದವನು ಕಂಪಿಲದೇವ. ಇಂದಿನ ಕಂಪ್ಲಿಯ ಹೆಸರಿನಲ್ಲಿ ಅವನ ರಾಜ್ಯದ ನೆನಪು ಉಳಿದಿದೆ. ಅವನ ಮಗನೇ ನಮ್ಮ ಜನಪದರ ಕುಮಾರರಾಮ. ಮಲತಾಯಿ ರತ್ನಾಜಿಯ ಮೋಹಕ್ಕೆ ಒಲಿಯದೆ ಅವಳ ಸುಳ್ಳು ದೂರಿಗೆ ಗುರಿಯಾದವನು, ಮಂತ್ರಿ ಬಚ್ಚಿಟ್ಟು ಕಾಪಾಡಿದವನು, ದಿಲ್ಲಿಯ ದಂಡು ಬಂದಾಗ ಹೊರಬಂದು ಕಾದಿ ಮಡಿದವನು. ಅವರ ಬೆಟ್ಟದ ಕೋಟೆ ಕುಮ್ಮಟದುರ್ಗ 1327ರ ಸುಮಾರಿಗೆ ಬಿತ್ತು. ಗಂಗಾವತಿ ಸೀಮೆಯ ಜಬ್ಬಲಗುಡ್ಡದ ಹತ್ತಿರ ಅದರ ಗೋಡೆಗಳು ಗಿಡಗಂಟಿಗಳ ನಡುವೆ ಇನ್ನೂ ನಿಂತಿವೆ. ಒಂದು ಊರು ಪಾಳುಬಿದ್ದ ಮೇಲೆ ಇನ್ನೊಂದು ಎದ್ದಿತು.

ಹೊಸ ಊರಿನ ಹುಟ್ಟಿಗೂ ಕಥೆಗಳುಂಟು. ಹಕ್ಕಬುಕ್ಕರು ಬೇಟೆಗೆ ಹೋದಾಗ ಮೊಲವೊಂದು ಓಡುವ ಬದಲು ಬೇಟೆನಾಯಿಯ ಮೇಲೇ ತಿರುಗಿ ಬಿತ್ತು, ಇದು ಗಂಡುಮೆಟ್ಟಿನ ನೆಲ ಎಂದು ವಿದ್ಯಾರಣ್ಯರು ಹೇಳಿದರು ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ಶುಭ ಮುಹೂರ್ತಕ್ಕೆ ಸರಿಯಾಗಿ ಶಂಖ ಊದಿಸುತ್ತೇನೆ, ಆಗ ಅಡಿಗಲ್ಲು ಇಡಿ ಎಂದು ವಿದ್ಯಾರಣ್ಯರು ಹೇಳಿದ್ದರಂತೆ. ಅಷ್ಟರಲ್ಲಿ ಭಿಕ್ಷೆಗೆ ಹೊರಟ ದಾಸಯ್ಯನೊಬ್ಬ ತನ್ನ ಪಾಡಿಗೆ ತಾನು ಶಂಖ ಊದಿದ. ಕೆಲಸದವರು ಅದೇ ಸಂಜ್ಞೆ ಎಂದು ಕಲ್ಲು ಇಟ್ಟರು. ಸಾವಿರಾರು ವರ್ಷ ಬಾಳಬೇಕಾದ ಪಟ್ಟಣ ನೂರಾರು ವರ್ಷಕ್ಕೇ ಮುಗಿಯುತ್ತದೆ ಎಂದು ಗುರುಗಳು ನಿಟ್ಟುಸಿರು ಬಿಟ್ಟರಂತೆ. ಹಾಳಾದ ಮೇಲೆ, ಯಾಕೆ ಹೀಗಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಜನ ಕಟ್ಟಿದ ಕಥೆ ಇದಿರಬೇಕು. ನಮ್ಮ ಮನೆಗಳಲ್ಲೂ ಏನಾದರೂ ಕೆಟ್ಟರೆ ‘ಗಳಿಗೆ ಸರಿಯಿರಲಿಲ್ಲ’ ಅನ್ನುತ್ತೇವಲ್ಲ, ಹಾಗೆ.

ಗುಲಾಬಿ ಇಲ್ಲದೆ ದಿನವಿಲ್ಲ

ಆ ಪಟ್ಟಣದ ಒಳಗೆ ಬದುಕು ಹೇಗಿತ್ತು? 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನಿಗೆ ಅಚ್ಚರಿಯಾದ ಒಂದು ಸಂಗತಿ ಎಂದರೆ ಗುಲಾಬಿ. ಎಲ್ಲೆಲ್ಲೂ ಗುಲಾಬಿ ಮಾರುವವರು. ಇಲ್ಲಿನವರಿಗೆ ಅನ್ನ ಹೇಗೋ ಗುಲಾಬಿಯೂ ಹಾಗೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಹೂ ಮುಡಿಯುವ ಚಪಲ ನಮ್ಮ ಕಾಲದ್ದಲ್ಲ ನೋಡಿ!

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸ್ ವಿರೂಪಾಕ್ಷ ಗುಡಿಯ ಮುಂದಿನ ಬೀದಿಯನ್ನು ನೋಡಿ ಮೆಚ್ಚಿದ್ದಾನೆ. ಮೊಗಸಾಲೆ, ಮಹಡಿಗಳಿರುವ ಚೆಂದದ ಮನೆಗಳು, ಯಾತ್ರಿಕರು ತಂಗುವ ಸಾಲುಗಳು, ದೊಡ್ಡ ಮನೆತನದವರಿಗೆ ಬೇರೆ ಬಿಡಾರಗಳು, ಅರಸನೇ ಬಂದರೆ ಇಳಿದುಕೊಳ್ಳಲು ಒಂದು ಅರಮನೆ. ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದ. ಒಂದು ತುದಿಗೆ ಬಿಷ್ಟಪ್ಪಯ್ಯನ ಗೋಪುರ ಎಂದು ಜನ ಕರೆಯುವ ಒಂಬತ್ತು ನೆಲೆಯ ಗೋಪುರ, ಇನ್ನೊಂದು ತುದಿಗೆ ಬಸವಣ್ಣ. ಅಂದರೆ, ಈ ಮಂಟಪಗಳನ್ನು ಕಟ್ಟಿದ್ದೇ ಜನ ಬಂದು ಇಳಿಯಲಿ, ವ್ಯಾಪಾರ ನಡೆಯಲಿ ಎಂದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕಡ್ಡಿರಾಂಪುರವೂ ಆಗ ರಾಜಧಾನಿಯ ಹೊರವಲಯವೇ. ಅಲ್ಲಿ ಗುಮ್ಮಟವಿರುವ ಎರಡು ಹಳೆಯ ಗೋರಿಗಳಿವೆ, ಸುತ್ತ ಸಮಾಧಿಗಳಿವೆ. ಎರಡನೆಯ ದೇವರಾಯನ ಕಾಲದಿಂದ ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಯೋಧರು ದೊಡ್ಡ ಸಂಖ್ಯೆಯಲ್ಲಿದ್ದರು. ಗುಲ್ಬರ್ಗದ ಗೋರಿಗಳನ್ನು ನೋಡಿದವರಿಗೆ ಈ ಗುಮ್ಮಟಗಳ ಬಗೆ ಪರಿಚಿತವೆನಿಸುತ್ತದೆ. ಬೇರೆಲ್ಲಿಂದಲೋ ಬಂದು ಈ ನೆಲದಲ್ಲಿ ನೆಲೆಯೂರಿದವರು ಈ ಊರಿಗೆ ಹೊಸಬರಲ್ಲ.

ಮೊದಲ ಸಲ

1565ರ ಜನವರಿ 23. ರಕ್ಕಸಗಿ–ತಂಗಡಗಿಯ ಬಯಲಿನಲ್ಲಿ ಅಳಿಯ ರಾಮರಾಯನ ತಲೆ ಉರುಳಿತು. ಸುದ್ದಿ ಮುಟ್ಟಿದೊಡನೆ ತಮ್ಮ ತಿರುಮಲ, ಅರಸ ಸದಾಶಿವನನ್ನು ಕರೆದುಕೊಂಡು, ನೂರಾರು ಆನೆಗಳ ಮೇಲೆ ಭಂಡಾರ ಹೇರಿಕೊಂಡು ಪೆನುಗೊಂಡೆಯ ದಾರಿ ಹಿಡಿದ. ಆನೆ ಇದ್ದವರು ಹೋದರು, ಇಲ್ಲದವರು? ಬಾಣಂತಿಯರು, ಹಾಸಿಗೆ ಹಿಡಿದ ಮುದುಕಿಯರು, ಒಲೆಯ ಮೇಲೆ ಎಸರಿಟ್ಟಿದ್ದವರು? ಅವರ ಲೆಕ್ಕವನ್ನು ಯಾವ ಬಖೈರೂ ಇಟ್ಟಿಲ್ಲ. ಲೂಟಿ ತಿಂಗಳುಗಟ್ಟಲೆ ನಡೆಯಿತು.

ಎರಡು ವರ್ಷ ಕಳೆದು, 1567ರಲ್ಲಿ ಇಟಲಿಯ ವ್ಯಾಪಾರಿ ಚೇಸರೆ ಫೆದೆರಿಚಿ ಬಂದ. ಮನೆಗಳು ಇನ್ನೂ ನಿಂತಿವೆ, ಒಳಗೆ ಯಾರೂ ಇಲ್ಲ, ಹುಲಿಗಳೂ ಕಾಡುಪ್ರಾಣಿಗಳೂ ಸೇರಿಕೊಂಡಿವೆಯಂತೆ ಎಂದು ಬರೆದ. ಗೋಡೆ ಬಿದ್ದ ಊರಿಗಿಂತ ಗೋಡೆ ನಿಂತು ಜನರಿಲ್ಲದ ಊರು ಎದೆಗೆ ಹೆಚ್ಚು ತಟ್ಟುತ್ತದೆ.

ಆದರೂ ವಿರೂಪಾಕ್ಷನ ಗುಡಿಯ ದೀಪ ಆರಲಿಲ್ಲ. ಪಂಪೆಯ ಮದುವೆಯೂ ತಪ್ಪಲಿಲ್ಲ.

ಮಂಟಪದೊಳಗೆ ಸಂಸಾರ

ಗುಡಿ ಇದ್ದಲ್ಲಿ ಯಾತ್ರಿಕರು. ಯಾತ್ರಿಕರಿದ್ದಲ್ಲಿ ಹೂವು, ಕಾಯಿ, ಕುಂಕುಮ, ಒಂದು ಲೋಟ ಚಹಾ. ಕಾಲ ಕಳೆದಂತೆ ಜನ ಮತ್ತೆ ಬಂದು ಸೇರಿದರು. ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿದರು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಬೆಳೆದು ಹಸೆಮಣೆ ಏರಿದರು. 1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಪರದೇಶದವರೂ ಹೆಚ್ಚಿದರು. ಊಟದ ಹೋಟೆಲು, ಬಾಡಿಗೆ ಕೋಣೆ, ಬಟ್ಟೆ, ಮಣಿಸರ ಎಂದು ವ್ಯಾಪಾರ ಬೆಳೆಯಿತು.

ಇದರಲ್ಲಿ ಹೆಂಗಸರ ಪಾಲು ದೊಡ್ಡದು. ಅಂಗಡಿ ಮನೆಯಲ್ಲೇ ಇದ್ದರೆ, ಒಲೆಯ ಮೇಲೆ ಬೇಳೆ ಇಟ್ಟು ಗಿರಾಕಿ ನೋಡಬಹುದು, ಮಗು ಮಲಗಿಸಿ ಲೆಕ್ಕ ಬರೆಯಬಹುದು. ಹೊರಗೆ ದುಡಿಯಲು ಹೋಗು ಎಂದರೆ ಹತ್ತು ಅಡ್ಡಿ. ಹೊಸ್ತಿಲಲ್ಲೇ ದುಡಿಮೆ ಇದ್ದರೆ ಕೇಳುವವರಿಲ್ಲ. ಸಣ್ಣ ಊರುಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಹೊಲಿಗೆ ಎಂದು ಮನೆಯಲ್ಲೇ ನಾಲ್ಕು ಕಾಸು ನೋಡುವ ನಮ್ಮ ಸೋದರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಐನೂರು ವರ್ಷದ ಕಂಬಕ್ಕೆ ಸಿಮೆಂಟು ಮೆತ್ತಿದರೆ, ಮೊಳೆ ಹೊಡೆದರೆ, ಮೇಲೆ ಇನ್ನೊಂದು ಕೋಣೆ ಏರಿಸಿದರೆ, ಬಚ್ಚಲ ನೀರು ಅಡಿಪಾಯಕ್ಕೆ ಇಳಿದರೆ ಕಲ್ಲು ತಾಳೀತೇ? ತಳವಾರಘಟ್ಟದಿಂದ ಆನೆಗುಂದಿಗೆ ಕಟ್ಟುತ್ತಿದ್ದ ಸೇತುವೆಯೇ ಮೊದಲಾದ ಕಾರಣಗಳಿಂದ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂತು. ಈ ನಡುವೆ, ಹಂಪಿಯ ನಿರ್ವಹಣೆಗೆಂದೇ 2002ರಲ್ಲಿ ಒಂದು ಕಾಯಿದೆಯಾಗಿ ಪ್ರಾಧಿಕಾರ ಬಂತು. ಸಾಲುಮಂಟಪಗಳನ್ನು ತೆರವು ಮಾಡಬೇಕೆಂಬ ಮಾತು ಗಟ್ಟಿಯಾಗುತ್ತ ಹೋಯಿತು.

ಎರಡನೆಯ ಸಲ

2011ರ ಜುಲೈ 29ರಂದು ಯಂತ್ರಗಳು ಬೀದಿಗೆ ಬಂದವು. ಮುನ್ನೂರರಷ್ಟು ಕುಟುಂಬಗಳ ಮನೆ, ಅಂಗಡಿಗಳು ಹೋದವು. ಸಾಮಾನು ಕಟ್ಟಿಕೊಳ್ಳಲು ಸಿಕ್ಕ ಸಮಯ ಬಹಳ ಕಡಿಮೆ.

ಕ್ಯಾಲೆಂಡರು ತೆಗೆದು ನೋಡಿದರೆ, ಮರುದಿನ ಆಷಾಢದ ಅಮಾವಾಸ್ಯೆ. ಆ ಸೀಮೆಯಲ್ಲಿ ನಾಗರ ಅಮಾವಾಸ್ಯೆ ಎನ್ನುತ್ತಾರೆ. ನಮ್ಮ ಕಡೆ ಭೀಮನ ಅಮಾವಾಸ್ಯೆ. ಅದರಾಚೆ ಶ್ರಾವಣ. ಪಂಚಮಿಗೆ ಆರು ದಿನ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ತಂಬಿಟ್ಟು, ಉಂಡಿ, ಅರಳು ಎಂದು ಮನೆ ಘಮಘಮಿಸುವ ಹೊತ್ತು. ಬರುವ ಮಗಳಿಗೆ ತವರುಮನೆಯೇ ಇರದಿದ್ದರೆ?

ಹೋದವರಿಗೆ ಕಡ್ಡಿರಾಂಪುರದ ಹತ್ತಿರ ನಿವೇಶನ ತೋರಿಸಿದರು. ನಿವೇಶನ ಬೇರೆ, ಮನೆ ಬೇರೆ ಎಂದು ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪರಿಹಾರ, ಹಕ್ಕುಪತ್ರ, ನೀರು, ವಿದ್ಯುತ್ತು ಎಂದು ಎಲ್ಲ ನೆಟ್ಟಗಾಗಲು ವರ್ಷಗಳೇ ಹಿಡಿದವು. ಅಂಗಡಿ ಮನೆಯೊಳಗಿದ್ದವರಿಗೆ ಈಗ ಗಿರಾಕಿ ಇರುವುದು ಒಂದು ಕಡೆ, ಒಲೆ ಇರುವುದು ಇನ್ನೊಂದು ಕಡೆ. ನಾಲ್ಕು ಕಿಲೋಮೀಟರು ಎಂದರೆ ಬಸ್ಸಿನವರಿಗೆ ಹತ್ತು ನಿಮಿಷ. ಎರಡು ಹೊತ್ತು ಓಡಾಡುವ ತಾಯಿಗೆ ಅದು ಅರ್ಧ ದಿನ. ಜನತಾ ಪ್ಲಾಟಿನಲ್ಲಿದ್ದವರ ಮನೆಗಳು ಆಗ ಉಳಿದವು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳು 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ತೆರವಾದವು.

ಯಾರದು ಸರಿ? ಕಲ್ಲು ಉಳಿಯಬೇಕು ಎನ್ನುವವರ ಮಾತೂ ಸುಳ್ಳಲ್ಲ. ಮೊಮ್ಮಕ್ಕಳಿಗೆ ತೋರಿಸಲು ಹಂಪಿ ಬೇಡವೇ? ಆದರೆ ಜನ ಇಳಿಯಲೆಂದೇ ಕಟ್ಟಿದ ಮಂಟಪದಲ್ಲಿ ಜನರೇ ಇರದಿದ್ದರೆ ಅದು ಬೀದಿ ಹೇಗಾದೀತು ಎನ್ನುವವರ ಮಾತೂ ಸುಳ್ಳಲ್ಲ. ಕಲ್ಲಿಗೆ ಹಾನಿ ಮಾಡದೆ ಬದುಕುವ ದಾರಿಯನ್ನು ಇಬ್ಬರೂ ಕುಳಿತು ಮೊದಲೇ ಹುಡುಕಬಹುದಿತ್ತು, ಹೊಸ ಮನೆ ಎದ್ದ ಮೇಲೆ ಹಳೆಯದನ್ನು ಕೆಡವಬಹುದಿತ್ತು ಎಂದಷ್ಟೇ ಸಂಸಾರ ನಡೆಸುವವರಿಗೆ ತೋಚುತ್ತದೆ. ಹೊಸ ಒಲೆ ಹೂಡದೆ ಹಳೆಯ ಒಲೆ ಕೀಳುವವರುಂಟೇ?

ದೂರದ ಇಟಲಿಯಲ್ಲೂ

ಇದು ನಮ್ಮ ಪಾಡು ಮಾತ್ರವಲ್ಲ. ಹಂಪಿಯ ಹಾಳನ್ನು ಬರೆದ ಫೆದೆರಿಚಿಯ ನಾಡಿನಲ್ಲೇ, ಇಟಲಿಯ ದಕ್ಷಿಣಕ್ಕೆ, ಕ್ರಾಕೊ ಎಂಬ ಗುಡ್ಡದ ಊರೊಂದಿದೆ. 1963ರಲ್ಲಿ ಗುಡ್ಡ ಕುಸಿಯತೊಡಗಿ ಜನ ಇಳಿಜಾರಿನ ಮನೆಗಳನ್ನು ಬಿಟ್ಟು ಕೆಳಗಿನ ಕಣಿವೆಯ ಹೊಸ ಊರಿಗೆ ಹೋದರು. ಈಗ ಅಲ್ಲಿ ಖಾಲಿ ಕಿಟಕಿಗಳ ಮನೆಗಳು, ಸಿನಿಮಾ ಶೂಟಿಂಗು, ಪ್ರವಾಸಿಗರು.

ಅದೇ ಸೀಮೆಯ ಮತೇರಾ ಪಟ್ಟಣದ್ದು ಹಂಪಿಗೆ ಇನ್ನೂ ಹತ್ತಿರದ ಕಥೆ. ಬಂಡೆ ಕೊರೆದು ಮಾಡಿದ ಗವಿಮನೆಗಳಲ್ಲಿ ಬಡವರು ದನಕರುಗಳ ಜೊತೆ ಬಾಳುತ್ತಿದ್ದರು. ಇದು ದೇಶಕ್ಕೆ ಅವಮಾನ ಎಂದು 1952ರಲ್ಲಿ ಕಾನೂನು ಮಾಡಿ ಸುಮಾರು ಹದಿನೈದು ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. ನಾಲ್ಕು ದಶಕ ಕಳೆದು 1993ರಲ್ಲಿ ಅದೇ ಗವಿಗಳು ವಿಶ್ವ ಪರಂಪರೆಯಾದವು! ಜನರನ್ನು ಮತ್ತೆ ಅಲ್ಲಿ ವಾಸಕ್ಕೆ ಕರೆಯಲಾಯಿತು. ಇಂದು ಆ ಗವಿಗಳಲ್ಲಿ ಹೋಟೆಲುಗಳಿವೆ. ಮನೆ ಎಂದರೆ ಗೋಡೆಯಲ್ಲ, ಒಳಗೆ ಉಸಿರಾಡುವವರು ಎಂದು ತಿಳಿಯಲು ಅವರಿಗೂ ಇಷ್ಟು ಕಾಲ ಹಿಡಿಯಿತು.

ಹೋಗುವವರಿಗೆ ನಾಲ್ಕು ಮಾತು

ಹೊಸಪೇಟೆಗೆ ರೈಲು, ಬಸ್ಸು ಎರಡೂ ಇವೆ. ಅಲ್ಲಿಂದ ಹಂಪಿ ಸುಮಾರು ಹದಿಮೂರು ಕಿಲೋಮೀಟರು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ತೇರಿಗೆ ಹೋಗುವವರು ಚೈತ್ರದ ಬಿಸಿಲಿಗೆ ಸಿದ್ಧರಾಗಿಯೇ ಹೋಗಬೇಕು. ಮಧ್ಯಾಹ್ನ ಬಂಡೆಗಳು ಕಾದ ಹೆಂಚಾಗುತ್ತವೆ. ಛತ್ರಿ, ನೀರು, ಮಕ್ಕಳಿಗೆ ಟೋಪಿ ಮರೆಯಬೇಡಿ.

ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮೊಸರನ್ನ ಸಾಕು. ಬಾಳೆಹಣ್ಣು ದಾರಿಯಲ್ಲೇ ಸಿಗುತ್ತದೆ. ವಿಜಯನಗರದ ಅರಸರು ತೋಡಿಸಿದ ತುರ್ತು ಕಾಲುವೆಯಂಥ ಕಾಲುವೆಗಳ ನೀರಿನಲ್ಲೇ ಇಂದಿಗೂ ಅಲ್ಲಿನ ಬಾಳೆ, ಕಬ್ಬು ಬೆಳೆಯುತ್ತವೆ. ಅರಮನೆ ಬಿದ್ದರೂ ಕಾಲುವೆ ಬತ್ತಲಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಿ.

ಬೆಳಿಗ್ಗೆ ಬೇಗ ತೇರುಬೀದಿಗೆ ಹೋಗಿ. ಗುಡಿಯೊಳಗೆ, ಹಿಂಬದಿಯ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಿದ್ದ ಬೆಳಕಿನಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಮೂಡುವುದನ್ನು ನೋಡಲು ಮರೆಯಬೇಡಿ. ಹೇಮಕೂಟ ಹತ್ತುವುದು ಸುಲಭ, ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಮತಂಗ ಪರ್ವತ ಕಡಿದು. ಅದನ್ನು ಹತ್ತುವುದಾದರೆ ಜೊತೆಯಲ್ಲಿ ನಾಲ್ಕು ಜನ ಇರಲಿ, ಕತ್ತಲಾಗುವ ಮುನ್ನ ಇಳಿದುಬಿಡಿ. ಮೇಲಿನಿಂದ ನೋಡಿದರೆ ಗುಡಿ, ಹೊಳೆ, ಬಾಳೆತೋಟ, ಅಚ್ಯುತರಾಯನ ಗುಡಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಇಡೀ ಹಂಪಿಯ ಮಾದರಿ ಇದೆ. ಅದನ್ನು ಮೊದಲು ನೋಡಿದರೆ ತಿರುಗಾಟ ಹಗುರವಾಗುತ್ತದೆ.

ವಾಪಸು ಬರುವಾಗ ಕಡ್ಡಿರಾಂಪುರದಲ್ಲಿ ಒಮ್ಮೆ ಇಳಿಯಿರಿ. ಗುಮ್ಮಟದ ಗೋರಿಗಳನ್ನು ನೋಡಿ. ಅಲ್ಲೇ ಎಲ್ಲಾದರೂ ಒಂದು ಲೋಟ ಚಹಾ ಕುಡಿಯಿರಿ, ಬೇಕಾದ ಸಾಮಾನನ್ನು ಊರಿನ ಅಂಗಡಿಯಲ್ಲೇ ಕೊಳ್ಳಿರಿ. ನಾಲ್ಕು ಕಿಲೋಮೀಟರು ದೂರಕ್ಕೆ ಸರಿದುಹೋದ ಬಜಾರು ಎಂದರೆ ಅದೇ. ಬೀದಿ ಹೋದರೂ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುವ ಕೈಗಳು ಅಲ್ಲಿವೆ. ಚೈತ್ರ ಬಂದಾಗ ಪಂಪೆಯ ಮದುವೆಗೆ ಅವರೂ ಹೊರಡುತ್ತಾರೆ. ಹೆಣ್ಣಿನ ಕಡೆಯವರೇ ಅಲ್ಲವೇ!